ಗಂಟೆ ಹೊಡೆದರೆ ಏನು ಮಾಡುತ್ತೀರಿ

ಗೋಣಿಕೊಪ್ಪಲು
10 ನವೆಂಬರ್ 2025

ಪ್ರೀತಿಯ ಆಶಕ್ಕ,

ನಿನ್ನೆ ಸಂಜೆ ಪಾಲಿಬೆಟ್ಟದ ಹತ್ತಿರ ಪೊನ್ನಪ್ಪನವರ ತೋಟದ ಕೆರೆ ಏರಿಯನ್ನು ಮೂರು ಆನೆಗಳು ದಾಟಿವೆ. ಫೋನ್ ಮಾಡಿ ತಿಳಿಸಿದವರು ಟ್ರ್ಯಾಕ್ಟರ್ ಓಡಿಸುವ ರಾಜು. ನಮ್ಮ ಆಪ್‌ನಿಂದ ಸುತ್ತಲಿನ ತೋಟಗಳ ಫೋನ್‌ಗಳಿಗೆಲ್ಲ ಎಚ್ಚರಿಕೆ ಹೋಯಿತು. ಯಾರಿಗೂ ಏನೂ ಆಗಿಲ್ಲ.

ನೀವು ಹೇಳಿದ ಹಾಗೇ ಬರೆದಿದ್ದೇನೆ. ಮೊದಲು ಹೊಸ ಸಂಗತಿ, ಆಮೇಲೆ ಅದನ್ನು ಹೇಳಿದವರು, ಕೊನೆಯಲ್ಲಿ ಮುಂದಿನ ಕೆಲಸ. ಮಡಿಕೇರಿಯ ಪತ್ರಿಕೆಯಲ್ಲಿ ನೀವು ಕಲಿತ ಪಾಠವನ್ನು ಆಫೀಸಿನಲ್ಲಿ ಎಲ್ಲರ ತಲೆಗೂ ತುಂಬಿಸಿ ಕಂಪನಿಯ ಅಸ್ಸಾಂ ಕೆಲಸಕ್ಕೆ ಹೊರಟುಹೋದಿರಿ. ವಾಟ್ಸಾಪ್‌ನಲ್ಲಿ ಚುಟುಕಾಗಿ ಕೇಳಬೇಡ, ಇಮೇಲ್‌ನಲ್ಲೇ ಆದರೂ ಪತ್ರ ಬರೆ, ಒಂದು ಪುಟ ನೆಟ್ಟಗೆ ಬರೆಯಲು ಬಾರದವಳಿಗೆ ಪ್ರಾಡಕ್ಟ್ ಮ್ಯಾನೇಜರ್ ಕೆಲಸ ಬರುವುದಿಲ್ಲ ಅಂದಿರಿ. ಅದಕ್ಕೇ ಇದು.

ದೀಪಕ್ ಸರ್ ಹೋದ ಸೋಮವಾರದಿಂದ ನನ್ನನ್ನು ನಿಮ್ಮ ಜಾಗದಲ್ಲಿ ಕೂರಿಸಿದ್ದಾರೆ. ಕುರ್ಚಿಯ ಬೆನ್ನಿಗೆ ನೀವು ಬಿಟ್ಟುಹೋದ ಕೊಡೆ ನೇತಾಡುತ್ತಿದೆ. ತೆಗೆದಿಲ್ಲ. ಮಾರ್ಚ್‌ಗೆ ಬರುತ್ತೀರಲ್ಲ, ಅಲ್ಲಿಯವರೆಗೆ ನಾನು ಕಾವಲು ಅಷ್ಟೇ.

ನಿಜ ಹೇಳಬೇಕೆಂದರೆ ಈ ಕೆಲಸ ಏನು ಅಂತ ನನಗಿನ್ನೂ ಗೊತ್ತಾಗಿಲ್ಲ. ಎರಡು ವರ್ಷ ಫೋನ್ ಎತ್ತಿ, ಆನೆ ಎಲ್ಲಿದೆ ಅಂತ ಕೇಳಿ, ಎಚ್ಚರಿಕೆ ಕಳಿಸಿದವಳು ನಾನು. ಕೋಡ್ ಬರೆಯುವ ಸುಮಿತಾಗೆ ಕೋಡ್ ಬರುತ್ತದೆ. ದೀಪಕ್ ಸರ್‌ಗೆ ದುಡ್ಡು ತರಲು ಬರುತ್ತದೆ. ನನಗೆ ಏನು ಬರಬೇಕು? ಪೊನ್ನಪ್ಪನವರ ತೋಟದ ಕೂಲಿ ಮನೆಗಳ ಸಾಲಿನಲ್ಲಿ, ನಮ್ಮ ಲೈನಿನಲ್ಲಿ, ಅವ್ವನಿಗೆ ಹೇಳಿದೆ, ದೊಡ್ಡ ಕೆಲಸ ಸಿಕ್ಕಿತು ಅಂತ. ಅವಳು, “ಆನೆ ಬಂದದ್ದು ಮೊದಲೇ ಹೇಳ್ತೀಯಾ, ಹೋದ ಮೇಲೆ ಹೇಳ್ತೀಯಾ?” ಎಂದು ಕೇಳಿ ಕಾಫಿ ಕುಯ್ಯಲು ಹೊರಟಳು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ದೀಪಕ್ ಸರ್ ಜೊತೆ ಮೊದಲ ಮೀಟಿಂಗ್.

ನಿಮ್ಮ
ಯಮುನಾ


ಜೋರ್ಹಾಟ್
16 ನವೆಂಬರ್ 2025

ಯಮುನಾ,

ಇಲ್ಲಿ ಚಹಾ ತೋಟಕ್ಕೆ ನಿನ್ನೆ ಒಂಟಿ ಸಲಗ ಬಂದು ನಮ್ಮ ಗೆಸ್ಟ್ ಹೌಸಿನ ಬಾಳೆಗಿಡ ತಿಂದು ಹೋಗಿದೆ. ಹೇಳಿದವಳು ಅಡುಗೆಯವಳು, ಅದೂ ನಾನು ತಿಂಡಿ ತಿಂದ ಮೇಲೆ. ಆನೆ ಎಚ್ಚರಿಕೆಯ ಕಂಪನಿಯವಳ ಕಥೆ ನೋಡು. ಅವ್ವನ ಪ್ರಶ್ನೆ ನನಗೂ ಸಲ್ಲುತ್ತದೆ.

ನಿನಗೆ ಏನು ಬರಬೇಕು ಅಂದೆಯಲ್ಲ, ಕೇಳು. ಸುಮಿತಾ ಹೇಗೆ ಕಟ್ಟುವುದು ಅಂತ ಯೋಚಿಸುತ್ತಾಳೆ. ಏನು ಕಟ್ಟಬೇಕು, ಯಾಕೆ ಕಟ್ಟಬೇಕು, ಏನನ್ನು ಕಟ್ಟಬಾರದು, ಇದಿಷ್ಟು ನಿನ್ನದು. ಅದಕ್ಕೆ ಮೊದಲು ಬೇಕಾದದ್ದು ಜನರನ್ನು ಕೇಳುವ ಕಲೆ. ನಮ್ಮ ಆಪ್ ಚೆನ್ನಾಗಿದೆಯಾ ಅಂತ ಕೇಳಿದರೆ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಮನೆಗೆ ಬಂದ ಹುಡುಗಿಗೆ ಬೇಸರವಾಗಬಾರದಲ್ಲ. ಅಭಿಪ್ರಾಯ ಕೇಳಬೇಡ. ಹೋದ ಸಲ ಆನೆ ಬಂದಾಗ ಏನು ಮಾಡಿದಿರಿ ಅಂತ ಕೇಳು. ಆಮೇಲೆ ಬಾಯಿ ಮುಚ್ಚಿಕೊಂಡಿರು. ಎರಡನೆಯದು ನಿನಗೆ ಕಷ್ಟ, ಗೊತ್ತು.

ಇನ್ನೊಂದು ಮಾತು. ದೀಪಕ್ ಪ್ರತಿ ಮೀಟಿಂಗ್‌ನಲ್ಲೂ ಇಪ್ಪತ್ತು ಹೊಸ ವಿಷಯ ಹೇಳುತ್ತಾನೆ. ಒಳ್ಳೆಯವನು, ಆದರೆ ಬೆಳಿಗ್ಗೆ ಎದ್ದರೆ ಒಂದು ಐಡಿಯಾ. ಬೇಡ ಅನ್ನಲು ಕಲಿ. ಸಿಟ್ಟಿನಿಂದಲ್ಲ, ಕಾರಣ ಕೊಟ್ಟು.

ಕೊಡೆ ಅಲ್ಲೇ ಇರಲಿ.

ಮುಂದಿನ ಭಾನುವಾರದೊಳಗೆ ಲೈನಿಗೆ ಹೋಗಿ ಬಂದು ಬರೆ.

ಆಶಾರಾಣಿ


ಗೋಣಿಕೊಪ್ಪಲು
7 ಡಿಸೆಂಬರ್ 2025

ಪ್ರೀತಿಯ ಆಶಕ್ಕ,

ನಮ್ಮ ಎಚ್ಚರಿಕೆಗಳನ್ನು ಹತ್ತರಲ್ಲಿ ಒಂಬತ್ತು ಜನ ನೋಡುತ್ತಾರೆ ಎಂಬ ಲೆಕ್ಕ ತಪ್ಪು. ಹೇಳಿದವರು ಲೈನಿನ ಮಕ್ಕಳು.

ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡಿ. ಪುತ್ತರಿ ಹಬ್ಬಕ್ಕೆ ಆಫೀಸು ಮುಚ್ಚಿತ್ತು, ನಾನು ಪೊನ್ನಪ್ಪನವರ ತೋಟದ ಲೈನಿನಲ್ಲೇ ಇದ್ದೆ. ಆದದ್ದು ಇಷ್ಟು. ಕಾಫಿ ಕುಯ್ಯುವ ಹೆಂಗಸರು ಫೋನನ್ನು ತೋಟಕ್ಕೆ ಒಯ್ಯುವುದಿಲ್ಲ. ಸೊಂಟಕ್ಕೆ ಚೀಲ ಕಟ್ಟಿರುತ್ತಾರೆ, ಕೈಯೆಲ್ಲ ಅಂಟು, ಬಗ್ಗಿದರೆ ಫೋನ್ ಬೀಳುತ್ತದೆ. ಅದನ್ನು ಮನೆಯಲ್ಲಿ ಮಕ್ಕಳಿಗೆ ಕೊಟ್ಟು ಹೋಗುತ್ತಾರೆ. ನಮ್ಮ ಎಚ್ಚರಿಕೆ ಬಂದರೆ ಕಾರ್ಟೂನ್ ನಿಲ್ಲುತ್ತದೆ. ಅದನ್ನು ಒತ್ತಿ ಆಚೆ ತಳ್ಳಿದರೆ ಕಾರ್ಟೂನ್ ಮುಂದುವರಿಯುತ್ತದೆ. ನಮ್ಮ ಪರದೆಯಲ್ಲಿ “ನೋಡಲಾಗಿದೆ” ಅಂತ ಹಸಿರು ದೀಪ. ದೀಪಕ್ ಸರ್ ಆ ಹಸಿರು ದೀಪಗಳನ್ನು ತೋರಿಸಿ ಮೈಸೂರಿನಲ್ಲಿ ಭಾಷಣ ಮಾಡಿ ಬಂದಿದ್ದಾರೆ.

ಅವರಿಗೆ ಹೇಳಿದೆ. ಕೇಳಿದವರೇ, “ಹಾಗಾದರೆ ಮಕ್ಕಳಿಗೂ ಒಂದು ಆಪ್ ಮಾಡೋಣ” ಅಂದರು. ನಾನು ಬೇಡ ಅಂದೆ. ಕಾರಣ ಕೊಟ್ಟೇ ಅಂದೆ. ಒಪ್ಪಿದರು. ಆಶಕ್ಕ, ಆವತ್ತು ಮಧ್ಯಾಹ್ನದ ಊಟ ಎಂಥ ರುಚಿಯಾಗಿತ್ತು ಗೊತ್ತಾ.

ಅವ್ವ ಈಗ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾಳೆ, ನನ್ನ ಮಗಳು ಆನೆ ಇಲಾಖೆಯಲ್ಲಿದ್ದಾಳೆ ಅಂತ. ಅಂಥ ಇಲಾಖೆ ಇಲ್ಲ ಅಂದರೆ ಕೇಳುವುದಿಲ್ಲ.

ಈಗ ಪ್ರಶ್ನೆ ಇದು: ಫೋನ್ ಇಲ್ಲದ ಕಡೆ ಎಚ್ಚರಿಕೆ ಮುಟ್ಟುವುದು ಹೇಗೆ? ಜನವರಿಯಲ್ಲಿ ರೋಬಸ್ಟಾ ಕಾಫಿಯ ಕುಯ್ಲು ಜೋರಾಗುತ್ತದೆ. ಅಷ್ಟರೊಳಗೆ ಏನಾದರೂ ಆಗಬೇಕು.

ಶುಕ್ರವಾರ ಸುಮಿತಾ ಜೊತೆ ಕೂರುತ್ತೇನೆ.

ಯಮುನಾ


ಜೋರ್ಹಾಟ್
21 ಡಿಸೆಂಬರ್ 2025

ಯಮುನಾ, ಮಾರಾಯ್ತಿ,

ನಿನ್ನ ಪತ್ರವನ್ನು ಇಲ್ಲಿನ ನನ್ನ ತಂಡಕ್ಕೆ ಅನುವಾದ ಮಾಡಿ ಓದಿದೆ. ಕಾರ್ಟೂನ್ ಭಾಗ ಬಂದಾಗ ಎಲ್ಲರೂ ನಕ್ಕರು. ಆಮೇಲೆ ತಮ್ಮ ತಮ್ಮ ಹಸಿರು ದೀಪಗಳನ್ನು ನೋಡಿಕೊಳ್ಳಲು ಕೂತರು.

ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿದೆ. ನವೆಂಬರ್ ಕೊನೆಯಲ್ಲಿ, ಎಲೆ ಕೀಳುವುದು ಮುಗಿಯುವ ಮೊದಲು, ಇಲ್ಲಿ ಮಾಡಿ ನೋಡಿದೆವು. ತೋಟದಲ್ಲಿ ಹೊತ್ತು ತಿಳಿಸಲು ಬಾರಿಸುವ ಗಂಟೆ ಇದೆಯಲ್ಲ, ಆನೆ ಬಂದರೆ ಅದನ್ನೇ ಬಿಡದೆ ಬಾರಿಸಿದೆವು. ಎಲ್ಲರೂ ಕೆಲಸ ನಿಲ್ಲಿಸಿ ತಲೆಯೆತ್ತಿದರು, ಯಾಕೆ ಎಂದು ಸರ್ದಾರನನ್ನು, ಅಂದರೆ ಇಲ್ಲಿನ ಮೇಸ್ತ್ರಿಯನ್ನು ಕೇಳಿದರು, ಅವನು ಹೇಳಿದ ದಿಕ್ಕಿಗೆ ಹೋದರು. ಒಂದು ರೂಪಾಯಿಯ ಕೋಡ್ ಇಲ್ಲ.

ನಿಮ್ಮಲ್ಲೂ ಮರಕ್ಕೆ ನೇತುಹಾಕಿದ ರೈಲು ಹಳಿಯ ತುಂಡು ಇದ್ದೇ ಇರುತ್ತದೆ. ಬೆಳಿಗ್ಗೆ ಕೆಲಸಕ್ಕೆ ಕರೆಯಲು ಅದನ್ನೇ ಹೊಡೆಯುವುದು. ಹೊಸದು ಕಟ್ಟುವ ಮೊದಲು ಇರುವುದನ್ನು ಬಳಸು. ಆಪ್ ತೋಟದ ಲೆಕ್ಕ ಬರೆಯುವ ರೈಟರ್‌ಗೆ ತಿಳಿಸಲಿ, ರೈಟರ್ ಗಂಟೆ ಹೊಡೆಸಲಿ, ಅಷ್ಟೇ.

ನನಗೆ ಇಲ್ಲಿ ಚಳಿ. ನಿನ್ನ ಅವ್ವ ಕಳಿಸಿದ ಕರಿಮೆಣಸಿನ ಪುಡಿ ದಿನಾ ಸಾರಿಗೆ ಹಾಕುತ್ತೇನೆ. ಆನೆ ಇಲಾಖೆಯ ನಮಸ್ಕಾರ ತಿಳಿಸು.

ಜನವರಿ ಎರಡನೇ ವಾರದಲ್ಲಿ ಪ್ರಯೋಗ ಮಾಡು.

ಆಶಾರಾಣಿ


ಗೋಣಿಕೊಪ್ಪಲು
5 ಜನವರಿ 2026

ಪ್ರೀತಿಯ ಆಶಕ್ಕ,

ಪೊನ್ನಪ್ಪನವರು ಗಂಟೆಯ ಪ್ರಯೋಗಕ್ಕೆ ಒಪ್ಪಿದ್ದಾರೆ. ತಿಳಿಸಿದವರು ಅವರ ರೈಟರ್ ಸಿದ್ದರಾಜು. ಸುಮಿತಾ ಕೂಡ ಖುಷಿಯಾಗಿದ್ದಾಳೆ, ಅವಳ ಕೆಲಸ ಅರ್ಧ ಕಡಿಮೆಯಾಯಿತು.

ಲೈನಿನಲ್ಲಿ ಮನೆ ಮನೆಗೆ ಹೋಗಿ ಕೇಳಿದೆ, ತೋಟದ ಆ ತುದಿಯಲ್ಲಿದ್ದರೂ ಗಂಟೆ ಕೇಳಿಸುತ್ತದಾ ಅಂತ. ಎಲ್ಲರೂ ಹೌದು ಅಂದರು. ಮೇಸ್ತ್ರಿ ತುಳಸಿಯಕ್ಕ, “ಕೇಳದೆ ಏನು, ಸತ್ತವರೂ ಎದ್ದು ಬರ್ತಾರೆ” ಅಂದರು. ಅವ್ವನನ್ನೂ ಕೇಳಿದೆ. ಇಷ್ಟು ಸಣ್ಣ ವಿಷಯ ಕೇಳಲು ಗೋಣಿಕೊಪ್ಪಲಿನಿಂದ ಬಸ್ಸಿನಲ್ಲಿ ಬಂದೆಯಾ ಅಂತ ಅವಳಿಗೆ ಆಶ್ಚರ್ಯ.

ನೀವು ಹೇಳಿಕೊಟ್ಟ ಹಾಗೆ ಒಂದು ಪುಟದಲ್ಲಿ ಬರೆದಿಟ್ಟಿದ್ದೇನೆ. ಯಾರ ತೊಂದರೆ, ಏನು ಮಾಡುತ್ತೇವೆ, ಗೆದ್ದೆವು ಅಂತ ಯಾವಾಗ ಹೇಳಬಹುದು. ಗಂಟೆ ಎಲ್ಲರಿಗೂ ಕೇಳಿಸಿದರೆ ಗೆದ್ದ ಹಾಗೆ.

ನೀವು ಮಾರ್ಚ್‌ನಲ್ಲಿ ಯಾವ ತಾರೀಕು ಬರುವುದು? ಹೋದ ಸಲ ಫೋನಿನಲ್ಲೂ ಕೇಳಿದ್ದೆ.

12ನೇ ತಾರೀಕಿನಿಂದ ಪ್ರಯೋಗ ಶುರು.

ಯಮುನಾ


ಗೋಣಿಕೊಪ್ಪಲು
14 ಜನವರಿ 2026

ಆಶಕ್ಕ,

ಪ್ರಯೋಗ ಮುಗಿದಿದೆ. ಗಂಟೆ ಎಲ್ಲರಿಗೂ ಕೇಳಿಸಿತು.

ಈ ವಾರ ಬರೆಯಲು ಹೆಚ್ಚಿಲ್ಲ, ಸಂಕ್ರಾಂತಿಯ ಶುಭಾಶಯ.

ಯಮುನಾ


ಜೋರ್ಹಾಟ್
17 ಜನವರಿ 2026

ಯಮುನಾ,

ಹಾಸನ ಜಿಲ್ಲೆಯ ಐದು ಕಾಫಿ ತೋಟಗಳಲ್ಲಿ ಇದೇ 27ರಿಂದ ಆನೆಗೆ ಗಂಟೆ ಹೊಡೆಯುವ ವ್ಯವಸ್ಥೆ ಶುರುವಾಗುತ್ತದೆ. ನಿನ್ನೆ ತಿಳಿಸಿದವನು ದೀಪಕ್. ಅದಕ್ಕೆ ಬೇಕಾದ ಸೂಚನೆಯ ಪುಟ ನಾನೇ ಬರೆದೆ. “ಕೊಡಗಿನಲ್ಲಿ ಪ್ರಯೋಗ ಮಾಡಲಾಗಿದೆ, ಗಂಟೆ ಎಲ್ಲರಿಗೂ ಕೇಳಿಸಿದೆ” ಎಂದು ನಿನ್ನ ಹೆಸರು ಹಾಕಿದ್ದೇನೆ. ನಮ್ಮ ಅಮ್ಮನ ಊರು ಅದರಲ್ಲಿ ಒಂದು ತೋಟದ ಪಕ್ಕದಲ್ಲೇ ಇದೆ. ಕುಶಾಲನಗರಕ್ಕೆ ಬಂದು ನೆಲೆಸುವ ಮೊದಲು ನಮ್ಮವರೆಲ್ಲ ಇದ್ದದ್ದು ಅಲ್ಲಿ. ಊರಿಗೆ ಫೋನ್ ಮಾಡಿ ಹೇಳಿದೆ, ಇದನ್ನು ಮಾಡಿದವಳು ನನ್ನ ಹುಡುಗಿ ಅಂತ.

ನಿನ್ನ ಪತ್ರ ಮೂರು ಸಾಲಾಗಿದೆಯಲ್ಲ. ಬೇಸರವಿಲ್ಲ, ಖುಷಿಯೇ. ಕೆಲಸ ಕೈಗೆ ಹತ್ತಿದ ಮೇಲೆ ಯಾರೂ ಉದ್ದ ಪತ್ರ ಬರೆಯುವುದಿಲ್ಲ. ನಾನೂ ಮೊದಲ ವರ್ಷ ನನ್ನ ಸಂಪಾದಕರಿಗೆ ಹಾಗೇ ಮಾಡಿದ್ದೆ. ಒಂದು ಮಾತ್ರ ಮರೆತಿದ್ದೀಯ. ಹೇಳಿದವರು ಯಾರು ಅಂತ ಬರೆದಿಲ್ಲ. ಹಬ್ಬದ ಗಡಿಬಿಡಿ ಅಂದುಕೊಂಡೆ.

ಸೂಚನೆಯ ಪುಟ ಬುಧವಾರ ತೋಟಗಳಿಗೆ ಹೋಗುತ್ತದೆ.

ಆಶಾರಾಣಿ


ಗೋಣಿಕೊಪ್ಪಲು
18 ಜನವರಿ 2026

ಆಶಕ್ಕ,

ಜನವರಿ 12ರಂದು ನಮ್ಮ ಗಂಟೆ ಕೇಳಿ ಓಡಿದವರಲ್ಲಿ ಒಬ್ಬರ ಕಾಲಿನ ಮೂಳೆ ಬಿರುಕು ಬಿಟ್ಟಿದೆ. ಹೇಳಿದವರು ಬಿದ್ದವರೇ. ನನ್ನ ಅವ್ವ.

ಆ ಪುಟ ಕಳಿಸಬೇಡಿ. ದಯವಿಟ್ಟು ಇದನ್ನು ಓದಿದ ತಕ್ಷಣ ದೀಪಕ್ ಸರ್‌ಗೆ ಫೋನ್ ಮಾಡಿ. ನಾನೂ ಮಾಡುತ್ತಿದ್ದೇನೆ, ಅವರು ಮದುವೆಗೆ ಹೋಗಿದ್ದಾರೆ, ಎತ್ತುತ್ತಿಲ್ಲ.

ನಡೆದದ್ದು ಹೀಗೆ. ಆವತ್ತು ಬೆಳಿಗ್ಗೆಯಿಂದ ಮೋಡ. ಹನ್ನೊಂದರ ಸುಮಾರಿಗೆ ಕೆರೆ ತಿರುವಿನಲ್ಲಿ ಆನೆ ಇದೆ ಅಂತ ರಾಜು ಫೋನ್ ಮಾಡಿದ. ನಾವು ಸಿದ್ದರಾಜುಗೆ ತಿಳಿಸಿದೆವು. ಅವರು ಗಂಟೆ ಹೊಡೆಸಿದರು. ಎಲ್ಲರಿಗೂ ಕೇಳಿಸಿತು. ಕೇಳಿಸಿದ್ದೇ ತಡ, ಕುಯ್ಯುತ್ತಿದ್ದವರೆಲ್ಲ ಚೀಲ ಬಿಚ್ಚಿ ಎಸೆದು ಕಣದ ಕಡೆ ಓಡಿದರು. ಕಣಕ್ಕೆ ಹೋಗುವ ದಾರಿ ಕೆರೆ ತಿರುವಿನ ಮೇಲೆಯೇ ಹೋಗುತ್ತದೆ.

ಕುಯ್ಲಿನ ಕಾಲದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಹೊಡೆದರೆ ಅದಕ್ಕೆ ಒಂದೇ ಅರ್ಥ. ಮಳೆ ಬರುತ್ತಿದೆ, ಕಣದಲ್ಲಿ ಒಣಗಲು ಹಾಕಿದ ಕಾಫಿ ನೆನೆಯುತ್ತದೆ, ಎಲ್ಲರೂ ಬಂದು ರಾಶಿ ಮಾಡಿ ಟಾರ್ಪಾಲ್ ಮುಚ್ಚಬೇಕು. ಅವ್ವ ಹುಟ್ಟುವ ಮೊದಲಿನಿಂದಲೂ ಇಲ್ಲಿ ಹೀಗೇ. ನನಗೆ ಗೊತ್ತಿರಲಿಲ್ಲ. ಸಣ್ಣವಳಿದ್ದಾಗಲೇ ಆಶ್ರಮ ಶಾಲೆಯ ಹಾಸ್ಟೆಲ್ ಸೇರಿದವಳು. ಲೈನಿಗೆ ಬರುತ್ತಿದ್ದದ್ದು ಬೇಸಿಗೆ ರಜೆಯಲ್ಲಿ, ಆಗ ಕಣ ಖಾಲಿ ಇರುತ್ತದೆ. ಲೈನಿನ ಹುಡುಗಿ ನಾನು, ನನಗೆ ಗೊತ್ತಿಲ್ಲದ್ದು ಇಲ್ಲೇನಿದೆ ಅಂತ ಅಂದುಕೊಂಡಿದ್ದೆ. ಅದಕ್ಕೇ ಈ ಗಂಟೆ ಆನೆಗೆ ಅಂತ ಲೈನಿನಲ್ಲಿ ಯಾರಿಗೂ ಮೊದಲೇ ಹೇಳಲಿಲ್ಲ, ನಿಮ್ಮಲ್ಲಿಯ ಹಾಗೆ ನಿಂತು ಕೇಳುತ್ತಾರೆ ಅಂತ ನಂಬಿದೆ.

ಮುಂದೆ ಓಡುತ್ತಿದ್ದವಳು ಅವ್ವ. ತಿರುವಿನಲ್ಲಿ ಆನೆ ಎದುರಾಯಿತು. ಪಕ್ಕದ ನೀರಿನ ತೋಡಿಗೆ ಹಾರಿ ಬಿದ್ದಳು. ಹಿಂದಿದ್ದವರು ಚೆದುರಿದರು. ಆನೆ ಏನೂ ಮಾಡದೆ ಗಿಡಗಳೊಳಗೆ ಹೋಯಿತು. ವಿರಾಜಪೇಟೆಯ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದ್ದಾರೆ. ಅಲ್ಲಿ ಅವ್ವ ನನ್ನನ್ನು ಬೈಯಲಿಲ್ಲ. ಕೇಳಿದಳು, ಅಷ್ಟೇ.

“ಕೇಳಿಸುತ್ತದಾ ಅಂದೆಯಲ್ಲ ಮಗಾ. ಗಂಟೆ ಹೊಡೆದರೆ ಏನು ಮಾಡ್ತೀರಿ ಅಂತ ಯಾಕೆ ಕೇಳಲಿಲ್ಲ?”

ಆಫೀಸಿನವರಿಗೆ ಅವ್ವ ಜಾರಿ ಬಿದ್ದಳು ಅಂದೆ. ನಿಮಗೆ ಮೂರು ಸಾಲು ಬರೆದೆ. ಗಂಟೆ ನೀವು ಹೇಳಿದ ಉಪಾಯ. ಅಷ್ಟು ದೂರ ಚಳಿಯಲ್ಲಿ ಕೂತು ನಿಮ್ಮಿಂದಲೇ ಹೀಗಾಯಿತು ಅಂತ ಕೊರಗುತ್ತೀರಿ, ಮಾರ್ಚ್‌ಗೆ ಬಂದ ಮೇಲೆ ಎದುರಿಗೇ ಹೇಳೋಣ ಅಂದುಕೊಂಡೆ. ಹೇಳಿದವರ ಹೆಸರು ಬರೆಯಲು ಕೂತರೆ ಅವ್ವನ ಹೆಸರು ಬರೆಯಬೇಕಿತ್ತು.

ದೀಪಕ್ ಸರ್ ಇವತ್ತು ಸಿಗದಿದ್ದರೆ ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಅವರ ಮನೆಗೆ ಹೋಗುತ್ತೇನೆ.

ಯಮುನಾ


ಜೋರ್ಹಾಟ್
19 ಜನವರಿ 2026

ಯಮುನಾ, ನನ್ನ ಹುಡುಗಿ,

ಪುಟ ಹೋಗುವುದಿಲ್ಲ. ದೀಪಕ್ ನಿನ್ನೆ ಸಂಜೆಯೇ ನನ್ನ ಫೋನ್ ಎತ್ತಿ ಒಪ್ಪಿದ. ಐದೂ ತೋಟಗಳಿಗೆ ಇವತ್ತು ನಾನೇ ಮಾತಾಡಿ ತಿಳಿಸಿದೆ, ಉಪಾಯ ನನ್ನದು, ತಪ್ಪಿತ್ತು ಅಂತ. ಒಬ್ಬ ಮಾಲೀಕರು ನಕ್ಕು, “ಮಳೆಗೆ ಹೊಡೆಯೋ ಗಂಟೆ ಅಲ್ವೇನಮ್ಮಾ ಅದು” ಅಂದರು. ಸೂಚನೆ ಬರೆಯುವ ಮೊದಲು ಅವರಿಗೂ ಒಂದು ಫೋನ್ ಮಾಡಿರಲಿಲ್ಲ ನಾನು.

ನಿನ್ನ ಅವ್ವ ಮುತ್ತಿಯಮ್ಮನ ಕಾಲು ಹೇಗಿದೆ? ಮೊದಲು ಅದನ್ನು ಬರೆ.

ಚಹಾದಲ್ಲಿ ಯಾರೂ ಎಲೆಯನ್ನು ಕಣದಲ್ಲಿ ಒಣಗಿಸುವುದಿಲ್ಲ, ಅದು ಹಸಿಯಾಗಿಯೇ ಕಾರ್ಖಾನೆಗೆ ಹೋಗುತ್ತದೆ. ಹೊತ್ತಲ್ಲದ ಹೊತ್ತಿನ ಗಂಟೆಗೆ ಇಲ್ಲಿ ಅರ್ಥವೇ ಇಲ್ಲ, ಅದಕ್ಕೆ ನಿಂತು ಕೇಳುತ್ತಾರೆ. ನಿಮ್ಮಲ್ಲಿ ಅದಕ್ಕೆ ಆಗಲೇ ಒಂದು ಅರ್ಥವಿದೆ. ಕಾಫಿ ನಾಡಿನಲ್ಲಿ ಬೆಳೆದವಳು ನಾನೂ. ಆದರೆ ನಮ್ಮದು ಕುಶಾಲನಗರದ ಜೋಳದ ಹೊಲ, ಕಾಫಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು. ನಿನ್ನ ಜನವರಿ 5ರ ಪತ್ರದಲ್ಲಿ ನೀನು ಕೇಳಿದ ಪ್ರಶ್ನೆ ಇತ್ತು. ಓದಿ ಖುಷಿಪಟ್ಟೆ, ತಿದ್ದಲಿಲ್ಲ. ಸರಿಯಾಗಿ ಕೇಳುವುದನ್ನು ಹೇಳಿಕೊಟ್ಟವಳೇ ಸರಿಯಾಗಿ ಓದಲಿಲ್ಲ.

ನನ್ನನ್ನು ಕಾಪಾಡಬೇಡ ಕಣೇ. ಈ ಕೆಲಸದಲ್ಲಿ ಕೆಟ್ಟ ಸುದ್ದಿ ಬೇಗ ಹೊರಡಬೇಕು. ನಿನ್ನ ಮೂರು ಸಾಲಿನಿಂದ ಇನ್ನೊಂದು ತೋಟದಲ್ಲಿ ಇನ್ನೊಬ್ಬರ ಅವ್ವ ಓಡುವವಳಿದ್ದಳು. ಇದನ್ನು ಒಮ್ಮೆ ಹೇಳಿ ಮುಗಿಸಿದ್ದೇನೆ, ಮತ್ತೆ ಹೇಳುವುದಿಲ್ಲ.

ನಾನೂ ಒಂದು ಮುಚ್ಚಿಟ್ಟಿದ್ದೇನೆ. ಮಾರ್ಚ್‌ಗೆ ಬರುವುದಿಲ್ಲ. ಇಲ್ಲಿ ಇನ್ನೂ ಎರಡು ವರ್ಷ. ಹೊರಡುವ ಮೊದಲೇ ದೀಪಕ್ ಜೊತೆ ಮಾತಾಗಿತ್ತು, ಆ ಕುರ್ಚಿ ನಿನ್ನದೇ. ಮೊದಲೇ ಹೇಳಿದರೆ ಹೆದರಿ ಓಡಿಹೋಗುತ್ತೀಯ ಅಂತ ಕಾವಲಿಗೆ ಕೂರಿಸಿದೆ. ಈಗ ಬೈಯಿ.

ಬೈದಾದ ಮೇಲೆ ತೋಟಕ್ಕೆ ಹೋಗು. ಹೋದ ಸಲ ಆನೆ ಕಂಡಾಗ ಏನು ಮಾಡಿದಿರಿ ಅಂತ ಕೇಳು. ಉತ್ತರ ಬರುವವರೆಗೆ ಹೊಸ ಪ್ರಯೋಗಕ್ಕೆ ತಾರೀಕು ಇಡಬೇಡ.

ನಿನ್ನ
ಆಶಕ್ಕ


ಗೋಣಿಕೊಪ್ಪಲು
15 ಫೆಬ್ರವರಿ 2026

ಪ್ರೀತಿಯ ಆಶಕ್ಕ,

ಆನೆ ಹತ್ತಿರವಿದ್ದರೆ ಕುಯ್ಯುವ ಹೆಂಗಸರು ಮಾತು ನಿಲ್ಲಿಸುತ್ತಾರೆ. ಹೇಳಿದವರು ಮೇಸ್ತ್ರಿ ತುಳಸಿಯಕ್ಕ ಮತ್ತು ಅವರ ಗುಂಪಿನವರು. ನಾನೂ ಒಮ್ಮೆ ಕಣ್ಣಾರೆ ನೋಡಿದೆ.

ಮೊದಲು ಅವ್ವನ ಕಾಲು. ಊತ ಇಳಿದಿದೆ. ಮುಂದಿನ ವಾರ ಪ್ಲಾಸ್ಟರ್ ಬಿಚ್ಚುತ್ತಾರೆ, ಈ ವರ್ಷ ಕುಯ್ಲು ಇಲ್ಲ. ನೀವು ಕಳಿಸಿದ ಚಹಾ ಪುಡಿ ತಲುಪಿತು. ಕಾಫಿ ತೋಟಕ್ಕೆ ಚಹಾ ಕಳಿಸುವವರನ್ನು ಇವತ್ತೇ ನೋಡಿದ್ದು ಅಂತ ಹೇಳಲು ಹೇಳಿದ್ದಾಳೆ. ದಿನಕ್ಕೆ ಎರಡು ಲೋಟ ಕುಡಿಯುತ್ತಾಳೆ.

ಎರಡು ವಾರ ಚೀಲ ಕಟ್ಟಿಕೊಂಡು ತುಳಸಿಯಕ್ಕನ ಗುಂಪಿನಲ್ಲಿ ಕುಯ್ದೆ. ನನ್ನ ಚೀಲ ತುಂಬುವ ವೇಗ ನೋಡಿ, ನಿನಗೆ ಆಫೀಸೇ ಸರಿ ಅಂದರು. ಹೋದ ಸಲ ಏನು ಮಾಡಿದಿರಿ ಅಂತ ಕೇಳಿ ಬಾಯಿ ಮುಚ್ಚಿದೆ. ಮೊದಲ ದಿನ ಏನೂ ಇಲ್ಲ ಅಂದರು. ಎರಡನೇ ದಿನ ಒಬ್ಬರು, ಸುಮ್ಮನಾಗುತ್ತೇವೆ ಅಂದರು. ನಾನು ಅದನ್ನೂ ಏನೂ ಇಲ್ಲ ಅಂತಲೇ ತಿಳಿದುಕೊಂಡೆ. ನಾಲ್ಕನೇ ದಿನ ಅರ್ಥವಾಯಿತು. ಕುಯ್ಯುವಾಗ ಇವರ ಬಾಯಿ ನಿಲ್ಲುವುದೇ ಇಲ್ಲ. ಮಲಯಾಳ, ಕನ್ನಡ, ನಮ್ಮ ಮಾತು, ಎಲ್ಲ ಸೇರಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗುತ್ತಲೇ ಇರುತ್ತದೆ. ಆವತ್ತು ಮೇಲಿನ ಸಾಲಿನಲ್ಲಿ ಮಾತು ನಿಂತಿತು. ಪಕ್ಕದ ಸಾಲೂ ನಿಂತಿತು. ಯಾರೂ ಕೂಗಲಿಲ್ಲ. ತುಳಸಿಯಕ್ಕ ಕೈಯಿಂದ ಗುಡ್ಡದ ಕಡೆ ತೋರಿಸಿದರು, ಎಲ್ಲರೂ ಮೆಲ್ಲಗೆ ಹತ್ತಿದರು. ಕೆಳಗೆ ಒಂದು ಹೆಣ್ಣಾನೆ ಮರಿಯ ಜೊತೆ ಹೋಯಿತು.

ಅಂದರೆ ಎಚ್ಚರಿಕೆ ಹರಡುವ ದಾರಿ ಅವರಲ್ಲೇ ಇದೆ. ಕೊರತೆ ಒಂದೇ: ಆನೆ ಕಣ್ಣಿಗೆ ಬೀಳುವವರೆಗೆ ಅವರಿಗೆ ಗೊತ್ತಾಗುವುದಿಲ್ಲ. ತೋಟವೆಲ್ಲ ಟ್ರ್ಯಾಕ್ಟರ್‌ನಲ್ಲಿ ಸುತ್ತುವ ರಾಜುಗೆ ಮೊದಲೇ ಗೊತ್ತಿರುತ್ತದೆ. ತೋಟದಲ್ಲಿ ಫೋನ್ ಜೇಬಿನಲ್ಲಿಟ್ಟುಕೊಳ್ಳುವವರು ಮೇಸ್ತ್ರಿಗಳು ಮಾತ್ರ. ಆದ್ದರಿಂದ ರಾಜು ಹೇಳಿದ ತಕ್ಷಣ ಆ ಗುಂಪಿನ ಮೇಸ್ತ್ರಿಗೆ ಒಂದು ಕರೆ. ಸದ್ದಿಲ್ಲ, ಜೇಬಿನಲ್ಲಿ ಅದುರಿದರೆ ಸಾಕು. ಅವರು ಮಾತು ನಿಲ್ಲಿಸುತ್ತಾರೆ. ಉಳಿದದ್ದು ತಾನಾಗಿ ಆಗುತ್ತದೆ. ಕೆರೆಯ ತಗ್ಗಿನಲ್ಲಿ ಸಿಗ್ನಲ್ ಸಿಗುವುದಿಲ್ಲ. ಆ ಭಾಗಕ್ಕೆ ಇನ್ನೂ ಉತ್ತರ ಇಲ್ಲ, ಇಲ್ಲ ಅಂತಲೇ ಪುಟದಲ್ಲಿ ಬರೆದಿದ್ದೇನೆ. ಉತ್ತರ ಸಿಗುವವರೆಗೆ ಅಲ್ಲಿ ಕುಯ್ಯಲು ಹೋಗುವ ದಿನ ರಾಜು ಅಲ್ಲೇ ಕಾಯುತ್ತಾನೆ.

ದೀಪಕ್ ಸರ್ ಪೂರ್ತಿ ಓದಿ, “ನಾವು ಇಷ್ಟು ವರ್ಷ ಮಾಡಿದ ಆಪ್ ಕೊನೆಗೆ ಒಂದು ಮಿಸ್ಡ್ ಕಾಲ್ ಆಯ್ತಲ್ಲಮ್ಮಾ” ಅಂದರು. ಹೌದು ಸರ್ ಅಂದೆ. ಹಸಿರು ದೀಪಗಳ ಪರದೆ ತೆಗೆಯಲು ಸುಮಿತಾಗೆ ಹೇಳಿದ್ದೇನೆ. ಅದಕ್ಕೂ ಒಪ್ಪಿದರು, ಮುಖ ಸಣ್ಣ ಮಾಡಿಕೊಂಡು.

ನಿಮ್ಮನ್ನು ಬೈಯಲು ಕೂತೆ, ಬರಲಿಲ್ಲ. ಕೊಡೆಯನ್ನು ಕುರ್ಚಿಯಿಂದ ತೆಗೆದು ಮನೆಗೆ ಒಯ್ದಿದ್ದೇನೆ. ಬಂದಾಗ ಅಲ್ಲಿಗೇ ಬನ್ನಿ.

ಎರಡನೇ ಪ್ರಯೋಗ ಫೆಬ್ರವರಿ 23, ಸೋಮವಾರ, ಬೆಳಿಗ್ಗೆ ಎಂಟಕ್ಕೆ. ಫೋನ್ ತುಳಸಿಯಕ್ಕನ ಜೇಬಿನಲ್ಲಿರುತ್ತದೆ. ಅವ್ವ ಕಣದಲ್ಲಿ ಗಂಟೆಯ ಪಕ್ಕ ಕೂರುತ್ತಾಳೆ, ಸುತ್ತಿಗೆ ಅವಳ ಮಡಿಲಲ್ಲಿರುತ್ತದೆ. ಮಳೆ ಬಂದರೆ ಮಾತ್ರ ಹೊಡೆಯುತ್ತಾಳೆ.

ಯಮುನಾ